ತೂಕದ ಚೀಟಿ

ಲಾರಿ ಬಂದದ್ದು ಗುರುವಾರ, ಜಾಲಿ ಮೊಹಲ್ಲಾದ ಗಲ್ಲಿಗೆ
ಹಿಮ್ಮುಖವಾಗಿ, ಇಂಚಿಂಚು, ಹಾರನ್ನಿನ ಮೇಲೆ ಹಾರನ್ನು.
ಮುಂಬಯಿಯಲ್ಲಿ ಒಡೆದ ಹಡಗಂತೆ.
ಖಲೀಲ್ ಸಾಬರು ಹೇಳಿದರು: ತಾಮ್ರ ಬೇರೆ, ಹಿತ್ತಾಳೆ ಬೇರೆ,
ಗನ್‌ಮೆಟಲ್ ಬೇರೆ. ಕಬ್ಬಿಣ ನಮಗೆ ಬಂದಿಲ್ಲ.
ಬರೆಯುವವಳು ನಾನು. ಪೆನ್ಸಿಲ್ ಜಡೆಯಲ್ಲಿ.

ಸಾವಿರದ ಏಳುನೂರು ಟನ್ನಿನ ಹಡಗು
ನನ್ನ ಕಾಗದದಲ್ಲಿ ಇನ್ನೂರ ಹನ್ನೊಂದು ಕೆಜಿ.
ದೀಪದ ಗೂಡು, ಮಾತಿನ ಕೊಳವೆ, ನಲ್ಲಿ, ತಿರುಪು,
ಎರಡು ಹೆಸರಿನ ಒಂದು ಫಲಕ:
ಮೊದಲಿನದನ್ನು ಅರದಲ್ಲಿ ಉಜ್ಜಿ ಮೇಲೆ ಇನ್ನೊಂದನ್ನು ಕೊರೆದಿದ್ದಾರೆ.
ಬೆಳಕಿಗೆ ಓರೆಯಾಗಿ ಹಿಡಿದರೆ
ಹಳೆಯ ಅಕ್ಷರದ ಬಾಲವೊಂದು ಹೊಸದರ ಕಾಲ ಕೆಳಗಿಂದ ಇಣುಕುತ್ತದೆ.

ಶನಿವಾರ ಬಂದರು ಇನ್ನಾಸಪ್ಪ, ಮರಿಯಣ್ಣನಪಾಳ್ಯದಿಂದ,
ಎರಡು ಬಸ್ಸು ಬದಲಿಸಿ, ಇಸ್ತ್ರಿ ಹಾಕಿದ ಅಂಗಿ.
ಯಾರು ಹೇಳಿದರೋ. "ನಮ್ಮ ಹಡಗು" ಅಂದರು,
ಮಾವನ ಮನೆ ಅನ್ನುವಂತೆ, ಸ್ವಲ್ಪ ನಾಚಿ.

ಒಂಬತ್ತು ವರ್ಷ ಅದರ ಹೊಟ್ಟೆಯಲ್ಲಿದ್ದರಂತೆ.
"ಸಮುದ್ರ ಹೇಗಿತ್ತು?" ಅಂದೆ.
"ಕಂಡವರು ಮೇಲಿನವರು, ತಾಯಿ. ನಮಗೆ ಕೇಳಿಸ್ತಿತ್ತು,
ತಗಡಿನಾಚೆ ಯಾರೋ ಗೋಣಿಚೀಲ ಎಳೆದ ಹಾಗೆ."
ಕೆಳಗೆ ಬೇಸಗೆಯೂ ಇಲ್ಲ, ಮಳೆಯೂ ಇಲ್ಲ,
ಗೋಡೆಯ ಮೇಲೊಂದು ಮುಳ್ಳು: ನಿಲ್ಲು, ಮೆಲ್ಲಗೆ, ಪೂರ್ತಿ ಮುಂದಕ್ಕೆ.
ಗಂಟೆ ಬಾರಿಸಿ ಮುಳ್ಳು ಸರಿದರೆ ಬೆಂಕಿ ಏರಬೇಕು.
ಯಾಕೆ ಅಂತ ಕೇಳಬಾರದು.

ಹಡಗು ಯುದ್ಧ ಕಂಡದ್ದು ಇವರಿನ್ನೂ ಗೋಲಿ ಆಡುವಾಗ,
ಬೇರೆ ಬಾವುಟ, ಬೇರೆ ಹೆಸರು, ಮಂಜುಗಡ್ಡೆಯ ಕಡಲು.
ಹಾಲಿನ ಡಬ್ಬಿ, ಟೈರು, ಗುಂಡು ಹೊತ್ತ ಸಾಮಾನು ಹಡಗುಗಳ ಸುತ್ತ
ಕುರಿಮಂದೆಗೆ ನಾಯಿ ಸುತ್ತಿದಂತೆ ಸುತ್ತುತ್ತಿತ್ತಂತೆ.
ಅದೆಲ್ಲ ಅವರಿಗೂ ಕೇಳಿದ ಮಾತು.
ಕೈಯಾರೆ ಗೊತ್ತಿದ್ದದ್ದು ಒಂದೇ: ಬಾಯ್ಲರಿನ ಹಿಂದಿನ ಗೋಡೆಯಲ್ಲಿ
ಮೊರದಗಲದ ತೇಪೆ; ಅದರ ಪಕ್ಕ
ಉಗುರುದ್ದದ ಗೀರುಗಳು, ಮೂವತ್ತೊಂದು.
ಯಾರು ಏನನ್ನು ಎಣಿಸಿದ್ದೋ. ದಿನವೋ, ಸಾಲವೋ, ಸತ್ತವರೋ.
ವರ್ಷ ವರ್ಷ ಬಣ್ಣ ಬಳಿದರೂ ಬೆರಳಿಗೆ ಸಿಗುತ್ತಿದ್ದವು.
ಪಾಳಿ ಮುಗಿದಾಗ ಇವರೂ ಒಮ್ಮೆ ಸವರಿ ಏಣಿ ಹತ್ತುವರು,
ಜಪಸರದ ಮಣಿ ಸರಿಸಿದ ಹಾಗೆ.

"ಆ ತಗಡು?"
"ಕಬ್ಬಿಣ ನಮಗೆ ಬಂದಿಲ್ಲ" ಅಂದೆ. ಕಲಿಸಿದ ಮಾತು.

ರಾಶಿಯೊಳಗಿಂದ ಎತ್ತಿದರು ಒಂದು ಕವಾಟ, ಚಕ್ರದ ಸಮೇತ.
ಐದು ಕಡ್ಡಿ, ಒಂದಕ್ಕೆ ಅರದ ಗುರುತು.
ದೀಪ ಹೋದಾಗ ಕೈಗೆ ತಿಳಿಯಲೆಂದು ತಾನೇ ಹಾಕಿದ್ದು ಅಂದರು.
ನಂಬಿದೆ. ನಂಬದೆ ಏನು ಮಾಡಲಿ,
ಕೈ ಅದರ ಮೇಲೆ ಕೂತ ರೀತಿ,
ಹಸುವಿನ ಕೊಂಬಿನ ಬುಡದಲ್ಲಿ ಕೂರುತ್ತದಲ್ಲ, ಹಾಗೆ.
"ತೆರೆದೇ ಇದೆ ನೋಡಿ" ಎಂದರು.
"ಒಡೆಯುವವರಿಗೇನು. ತೆರೆದಿದ್ದ ಹಾಗೇ ಕೊಯ್ದಿದ್ದಾರೆ."

ಮಾರ್ಕೆಟ್ಟಿನ ಕಡೆಯಿಂದ ಕನಕಾಂಬರ, ಡೀಸೆಲ್ಲು, ಕೂಗು.
ಕಡಲಿಂದ ಮೂರು ಸಾವಿರ ಅಡಿ ಮೇಲೆ
ಗೋಣಿತಾಟಿನಲ್ಲಿ ಕುಕ್ಕರಗಾಲಲ್ಲಿ ಕೂತು
ಸೀಮೆಎಣ್ಣೆ ಕೇಳಿದರು, ಎರಡು ಚಮಚ.
ನೆನೆಯಲು ಬಿಟ್ಟು ಚಹಾ ಕುಡಿದರು.
ಆಮೇಲೆ ಬಲಕ್ಕೆ, ಕಾಲು ಸುತ್ತು.
ಹಸಿರು ಪುಡಿ ಉದುರಿತು. ಇನ್ನರ್ಧ.
ಸೈಕಲ್ ಗಾಡಿಯವನು ದಾರಿ ಬಿಡಿ ಅಂದ, ಬಿಡಲಿಲ್ಲ.
ಇನ್ನೊಂದಿಷ್ಟು. ಟಕ್ ಅಂತ ಕೂತಿತು.

ಒಯ್ಯಿರಿ, ತೂಕದ ಬೆಲೆಗೇ ಅಂದರು ಸಾಬರು.
"ಬೇಡಿ. ಫಿಲೋಮಿನಾ ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ
ಷೋಕೇಸಿನಲ್ಲಿ ಇಡ್ತಾಳೆ. ಬಂದವರಿಗೆಲ್ಲ ಕಥೆ ಹೇಳಬೇಕು."
ಕೈ ಒರೆಸಿಕೊಂಡು ಬಸ್ಸಿಗೆ ಹೋದರು.

ತಕ್ಕಡಿಗಿಟ್ಟೆ. ನಾಲ್ಕು ಕೆಜಿ ಮುನ್ನೂರು.
ಸೀಮೆಎಣ್ಣೆಯ ತೂಕ ಕಳೆಯಬೇಕೇ ಎಂದು
ಒಂದು ಗಳಿಗೆ ಪೆನ್ಸಿಲ್ ಎತ್ತಿ ಹಿಡಿದೆ.
ಬರೆದೆ: ಗನ್‌ಮೆಟಲ್ ಕವಾಟ, ಒಂದು. ಮುಚ್ಚಿದೆ.